ಹಚ್ಚುವ ಮೊದಲು ಓದಿ: ಹುಳುಕಡ್ಡಿ, ಬಿಳುಪಿನ ಕ್ರೀಮು, ಕೂದಲು ನೇರ ಮಾಡಿಸುವುದು – ಚರ್ಮವೈದ್ಯರು ಹೇಳುವುದೇನು?

ಚರ್ಮ ಮತ್ತು ಕೂದಲಿಗೆ ಸಂಬಂಧಿಸಿದ ಮೂರು ಸುದ್ದಿಗಳು ಕಳೆದ ಕೆಲವು ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಒಂದು, ಎಷ್ಟು ಮದ್ದು ಹಚ್ಚಿದರೂ ಹೋಗದ ಹುಳುಕಡ್ಡಿ. ಎರಡು, ಬಿಳುಪಿನ ಕ್ರೀಮು ಬಳಸಿದವರ ಕಿಡ್ನಿಗೆ ಆದ ತೊಂದರೆ. ಮೂರು, ಕೂದಲು ನೇರ ಮಾಡಿಸಿಕೊಂಡ ಮೇಲೆ ಕಿಡ್ನಿ ಕೆಟ್ಟ ಪ್ರಕರಣಗಳು. ಬಿಡಿಬಿಡಿಯಾಗಿ ಓದಿದರೆ ಇವು ಬೇರೆ ಬೇರೆ ಸುದ್ದಿಗಳು. ಆದರೆ ಮೂರಕ್ಕೂ ಬೇರು ಒಂದೇ: ಒಳಗೆ ಏನಿದೆ ಎಂದು ತಿಳಿಯದೆ ಮೈಗೆ ಹಚ್ಚಿಕೊಳ್ಳುವುದು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕೂ ಇದೆ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ವೈದ್ಯರಿಗೆ ತೋರಿಸುವುದುಂಟು. ಒಂದು ಊರಿನ ಚೀಟಿ ಇನ್ನೊಂದು ಊರಿನ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಟ್ಯೂಬಿನ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿರುತ್ತದೆ, ಅದೂ ಸಾಸಿವೆ ಕಾಳಿನಷ್ಟು ಸಣ್ಣದು. ಹಾಗಾಗಿ ಮನೆಯಲ್ಲಿ ಇಟ್ಟುಕೊಂಡು ಬೇಕಾದಾಗ ತೆಗೆದು ನೋಡಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ತಲೆಬರಹಗಳಲ್ಲಿ ವಿಂಗಡಿಸಿ ಕೊಟ್ಟಿದೆ.

ಒಂದೇ ಕಾಯಿಲೆ, ಊರಿಗೊಂದು ಹೆಸರು

ಕನ್ನಡದಲ್ಲಿ ಹುಳುಕಡ್ಡಿ ಅಥವಾ ಗಜಕರ್ಣ ಎನ್ನುವ ಕಾಯಿಲೆಗೆ ಮಲಯಾಳದಲ್ಲಿ ಪುಳುಕ್ಕಡಿ, ತಮಿಳಿನಲ್ಲಿ ಪಡರ್‌ತಾಮರೈ, ತೆಲುಗಿನಲ್ಲಿ ತಾಮರ, ಮರಾಠಿಯಲ್ಲಿ ಗಜಕರ್ಣ ಅಥವಾ ನಾಯಟಾ ಎನ್ನುತ್ತಾರೆ. ತೊಡೆಸಂದು, ಸೊಂಟ, ಕಂಕುಳು, ಎದೆಯ ಕೆಳಗೆ, ಬೆನ್ನು, ಕೆಲವೊಮ್ಮೆ ಮುಖದ ಮೇಲೂ ಉಂಗುರದಂತೆ ಬೆಳೆಯುವ ಮಚ್ಚೆ ಇದರ ಗುರುತು. ಉಂಗುರದ ಅಂಚು ಕೆಂಪಾಗಿ ಉಬ್ಬಿರುತ್ತದೆ, ಹೊಟ್ಟು ಏಳುತ್ತದೆ, ನಡುಭಾಗ ವಾಸಿಯಾದಂತೆ ಕಾಣುತ್ತದೆ. ತುರಿಕೆ ಜೋರಾಗಿರುತ್ತದೆ. ಬೆವರು ಹೆಚ್ಚಿದಾಗ ಇನ್ನೂ ಜೋರು.

ಹೆಸರಿನಲ್ಲಿ ಹುಳು ಇದ್ದರೂ ಕಾಯಿಲೆಯಲ್ಲಿ ಹುಳುವಿಲ್ಲ. ಇದಕ್ಕೆ ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ. ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಒಬ್ಬರಿಂದ ಒಬ್ಬರಿಗೆ ಮೈ ತಾಗಿ, ಟವೆಲು, ಹಾಸಿಗೆ, ಬಟ್ಟೆಗಳ ಮೂಲಕ ಹರಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೂ ಬರುವುದು ಇದೇ ಕಾರಣಕ್ಕೆ.

ತುರಿಕೆ ನಿಂತರೆ ಕಾಯಿಲೆ ಹೋದಂತಲ್ಲ

ಹುಳುಕಡ್ಡಿ ಬಂದವರಲ್ಲಿ ಹಲವರು ಮೊದಲು ಹೋಗುವುದು ಔಷಧಿ ಅಂಗಡಿಗೆ. ‘ತುರಿಕೆಗೆ ಏನಾದರೂ ಕೊಡಿ’ ಎಂದರೆ ಒಂದು ಟ್ಯೂಬು ಸಿಗುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಟ್ಯೂಬು ಬಿಟ್ಟ ವಾರದೊಳಗೆ ಮತ್ತೆ ಬರುತ್ತದೆ, ಈ ಸಲ ಇನ್ನೂ ಅಗಲವಾಗಿ. ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಆ ಟ್ಯೂಬಿನಲ್ಲಿ ಶಿಲೀಂಧ್ರ ಕೊಲ್ಲುವ ಮದ್ದಿನ ಜೊತೆಗೆ ಸ್ಟೀರಾಯ್ಡ್ ಬೆರೆತಿರುವುದು ಇದಕ್ಕೆ ಕಾರಣ. ಕೆಂಪಾಗುವುದು, ಉಬ್ಬುವುದು, ತುರಿಸುವುದು ಶಿಲೀಂಧ್ರದ ವಿರುದ್ಧ ನಮ್ಮ ದೇಹವೇ ಹೂಡುವ ಹೋರಾಟದ ಲಕ್ಷಣಗಳು. ಸ್ಟೀರಾಯ್ಡ್ ಈ ಹೋರಾಟವನ್ನು ಅಡಗಿಸುತ್ತದೆ. ಹಾಗಾಗಿ ನೆಮ್ಮದಿ ಎನಿಸುತ್ತದೆ. ಇತ್ತ ಕಾವಲು ಸಡಿಲವಾದ ಚರ್ಮದಲ್ಲಿ ಶಿಲೀಂಧ್ರ ಸದ್ದಿಲ್ಲದೆ ಬೆಳೆಯುತ್ತದೆ. ಉಂಗುರದ ಆಕಾರವೂ ಅಳಿಸಿಹೋಗಿ ಬೇರೆ ಯಾವುದೋ ಕಾಯಿಲೆಯಂತೆ ಕಾಣತೊಡಗುತ್ತದೆ. ವೈದ್ಯರು ಇದನ್ನು ‘ಟೀನಿಯಾ ಇನ್‌ಕಾಗ್ನಿಟೊ’, ಅಂದರೆ ವೇಷ ಮರೆಸಿದ ಹುಳುಕಡ್ಡಿ ಎನ್ನುತ್ತಾರೆ. ಈ ಹೆಸರು ವೈದ್ಯಕೀಯಕ್ಕೆ ಬಂದದ್ದು 1968ರಲ್ಲಿ. ತೊಂದರೆ ಹಳೆಯದು, ನಮ್ಮ ದೇಶದಲ್ಲಿ ಈಗ ಅದು ಹಬ್ಬಿರುವ ಪ್ರಮಾಣ ಹೊಸದು.

ಬಹಳ ದಿನ ಸ್ಟೀರಾಯ್ಡ್ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ತೊಡೆಸಂದು, ಕಂಕುಳುಗಳಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಬೀಳುತ್ತವೆ. ಇವು ಪೂರ್ತಿಯಾಗಿ ಅಳಿಸುವುದಿಲ್ಲ. ಮುಖಕ್ಕೆ ಹಚ್ಚಿದರೆ ಮೊಡವೆ, ಕೆಂಪು ನರಗಳು, ಬೇಡದ ಕೂದಲು, ಬಿಸಿಲಿಗೆ ಹೋದರೆ ಉರಿ. ಕಣ್ಣಿನ ಸುತ್ತ ದೀರ್ಘಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಅಪಾಯವೂ ಇದೆ. ಕೈಗೂಸಿನ ಚರ್ಮ ತೆಳು, ಮೈ ಚಿಕ್ಕದು. ಹಚ್ಚಿದ ಮದ್ದು ರಕ್ತಕ್ಕೆ ಸೇರಿ ಬೆಳವಣಿಗೆಗೇ ತೊಂದರೆಯಾಗಬಹುದು.

ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ 1952ರಲ್ಲಿ ಬಳಕೆಗೆ ಬಂದಾಗ ಚರ್ಮ ಚಿಕಿತ್ಸೆಯೇ ಬದಲಾಯಿತು. ಇಸುಬು, ಸೋರಿಯಾಸಿಸ್, ತೊನ್ನು ಮುಂತಾದವುಗಳಿಗೆ ಇಂದಿಗೂ ಅದು ಮುಖ್ಯ ಮದ್ದು. ಯಾವ ಕಾಯಿಲೆಗೆ, ಯಾವ ಶಕ್ತಿಯದು, ಎಷ್ಟು ದಿನ ಎಂದು ವೈದ್ಯರು ಗೊತ್ತುಮಾಡಿ ಕೊಟ್ಟರೆ ಅದು ಮದ್ದು. ವೈದ್ಯರು ನಿಮಗೆ ಬರೆದುಕೊಟ್ಟಿದ್ದರೆ ಈ ಬರಹ ಓದಿ ನಿಲ್ಲಿಸಬೇಡಿ.

ಅಂಕಿ ಮತ್ತು ಕಾನೂನು

ಲಖನೌದ ಡಾ. ಅಬೀರ್ ಸಾರಸ್ವತ್ ಮತ್ತು ಸಂಗಡಿಗರು ದೇಶದ 12 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಖದ ಚರ್ಮದ ತೊಂದರೆಗೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಭಾರತೀಯ ಚರ್ಮರೋಗ, ಗುಹ್ಯರೋಗ ಮತ್ತು ಕುಷ್ಠರೋಗ ತಜ್ಞರ ಸಂಘವು ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಿ ಸರ್ಕಾರದ ಗಮನ ಸೆಳೆಯುತ್ತ ಬಂದಿದೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ‘ಷೆಡ್ಯೂಲ್ ಎಚ್’ ಪಟ್ಟಿಯ ಕಟ್ಟುಪಾಡಿಗೆ ತಂದಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಹಲವು ಮದ್ದುಗಳನ್ನು ಒಟ್ಟಿಗೆ ಬೆರೆಸಿದ ಔಷಧಿಗಳ ವಿಷಯ ಇನ್ನೊಂದು. 2016ರ ಮಾರ್ಚಿನಲ್ಲಿ ಸರ್ಕಾರ ಇಂಥ 344 ಮಿಶ್ರಣಗಳನ್ನು ನಿಷೇಧಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಸೂಚಿಸಿತು. ಕೊನೆಗೆ 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳ ನಿಷೇಧ ಹೊರಬಿತ್ತು. ಸ್ಟೀರಾಯ್ಡ್ ಬೆರೆತ ಕೆಲವು ಚರ್ಮದ ಕ್ರೀಮುಗಳೂ ಅದರಲ್ಲಿದ್ದವು. ಪಟ್ಟಿಯಲ್ಲಿ ಇಲ್ಲದ ಬೇರೆ ಮಿಶ್ರಣಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡವು. ಆದ್ದರಿಂದ ‘ಅಂಗಡಿಯಲ್ಲಿ ಸಿಗುತ್ತದೆ’ ಎಂದ ಮಾತ್ರಕ್ಕೆ ‘ಹಚ್ಚಬಹುದು’ ಎಂದು ಅರ್ಥವಲ್ಲ.

ಮದ್ದಿಗೆ ಬಗ್ಗದ ಶಿಲೀಂಧ್ರ

ಹಿಂದೆ ಹುಳುಕಡ್ಡಿಗೆ ಟರ್ಬಿನಾಫಿನ್ ಎಂಬ ಮದ್ದು ಕೆಲವು ವಾರ ಕೊಟ್ಟರೆ ಸಾಕಾಗುತ್ತಿತ್ತು. ಶಿಲೀಂಧ್ರ ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳಲು ಬಳಸುವ ಒಂದು ಕಿಣ್ವವನ್ನು ಈ ಮದ್ದು ತಡೆಯುತ್ತದೆ. ಈಗ ಆ ಕಿಣ್ವದ ವಂಶವಾಹಿಯಲ್ಲೇ ಬದಲಾವಣೆ ಆಗಿರುವ ತಳಿಯೊಂದು ಹರಡಿದೆ. ಮದ್ದು ಅದಕ್ಕೆ ಸರಿಯಾಗಿ ಅಂಟುವುದಿಲ್ಲ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿ ನೆಲೆಸಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯಿಂದ ಪಡೆದ ಮಾದರಿಗಳನ್ನು ಪರೀಕ್ಷಿಸಿ ಇದಕ್ಕೆ ‘ಟ್ರೈಕೊಫೈಟಾನ್ ಇಂಡೊಟೀನಿಯೇ’ ಎಂದು ಹೆಸರಿಟ್ಟರು. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ದೇಶದ ಮೊದಲ ಎರಡು ಪ್ರಕರಣಗಳನ್ನು ನ್ಯೂಯಾರ್ಕ್ ನಗರದಿಂದ ವರದಿ ಮಾಡಿತು.

ಸ್ಟೀರಾಯ್ಡ್ ಬೆರೆತ ಕ್ರೀಮುಗಳ ದುರ್ಬಳಕೆ, ಅರ್ಧಕ್ಕೆ ನಿಲ್ಲಿಸುವ ಚಿಕಿತ್ಸೆ ಇವೆರಡೂ ಈ ತಳಿ ಹರಡಲು ನೆರವಾದವು ಎಂಬುದು ಹಲವು ತಜ್ಞರ ಅಭಿಪ್ರಾಯ. ಇಂಥ ಹುಳುಕಡ್ಡಿಗೆ ವೈದ್ಯರು ಇಟ್ರಾಕೊನಜೋಲ್‌ನಂಥ ಬೇರೆ ಮಾತ್ರೆ ಕೊಡುತ್ತಾರೆ. ಅದು ಯಕೃತ್ತು ಮತ್ತು ಹೃದಯದ ತೊಂದರೆ ಇರುವವರಿಗೆ, ಬೇರೆ ಮಾತ್ರೆ ನುಂಗುವವರಿಗೆ ಎಚ್ಚರಿಕೆಯಿಂದ ಕೊಡಬೇಕಾದ ಮದ್ದು. ಪಕ್ಕದ ಮನೆಯವರಿಗೆ ವಾಸಿಯಾಯಿತೆಂದು ಅವರ ಮಾತ್ರೆ ತಂದು ನುಂಗುವಂಥದ್ದಲ್ಲ.

ಟ್ಯೂಬನ್ನು ಓದುವುದು ಹೇಗೆ?

1. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಅದರ ಕೆಳಗಿನ ಸಣ್ಣ ಅಕ್ಷರದ ಮದ್ದುಗಳ ಪಟ್ಟಿಯನ್ನು ಓದಿ. ಕಣ್ಣು ಸಾಲದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ.

2. ಸ್ಟೀರಾಯ್ಡ್‌ಗಳ ಹೆಸರು ಹೀಗಿರುತ್ತವೆ: ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಡೆಕ್ಸಾಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್, ಟ್ರಯಾಮ್ಸಿನೊಲೋನ್, ಹೈಡ್ರೊಕಾರ್ಟಿಸೋನ್. ಇವುಗಳಲ್ಲಿ ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್ ಅತಿ ಪ್ರಬಲ.

3. ಶಿಲೀಂಧ್ರದ ಮದ್ದುಗಳ ಹೆಸರು ಹೀಗಿರುತ್ತವೆ: ಕ್ಲೊಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್. ಕೊನೆಯಲ್ಲಿ ‘ಜೋಲ್’ ಬಂದರೆ ಸಾಮಾನ್ಯವಾಗಿ ಶಿಲೀಂಧ್ರದ ಮದ್ದು. ‘ಸೋನ್’, ‘ಸಾಲ್’, ‘ಲೋನ್’ ಬಂದರೆ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸಿ. ಇದು ನೆನಪಿಗಾಗಿ ಒಂದು ಗುರುತು ಅಷ್ಟೆ. ಖಚಿತವಾಗಲು ‘ಇದರಲ್ಲಿ ಸ್ಟೀರಾಯ್ಡ್ ಇದೆಯೇ?’ ಎಂದು ಅಂಗಡಿಯವರನ್ನೇ ನೇರವಾಗಿ ಕೇಳಿ.

4. ಪಟ್ಟಿಯಲ್ಲಿ ಮೂರು ನಾಲ್ಕು ಮದ್ದುಗಳು ಒಟ್ಟಿಗೆ ಇದ್ದರೆ ಎಚ್ಚರ ವಹಿಸಿ. ಬ್ಯಾಕ್ಟೀರಿಯಾಕ್ಕೆ ಒಂದು, ಶಿಲೀಂಧ್ರಕ್ಕೆ ಒಂದು, ತುರಿಕೆಗೆ ಒಂದು ಎಂದು ಬೆರೆಸಿದ ಟ್ಯೂಬು ಕಾಯಿಲೆ ಯಾವುದೆಂದು ಗೊತ್ತಿಲ್ಲದಾಗ ಕೊಡುವ ಟ್ಯೂಬು.

5. ಲೇಬಲ್ಲಿನ ಅಂಚಿನಲ್ಲಿ ಉದ್ದಕ್ಕೆ ಕೆಂಪು ಗೆರೆ, ‘ಆರ್‌ಎಕ್ಸ್’ ಗುರುತು ಇದ್ದರೆ ಅದು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧಿ.

ಹುಳುಕಡ್ಡಿಗೆ ಸರಿಯಾದ ಕ್ರಮ

ವೈದ್ಯರು ಕೊಟ್ಟ ಶಿಲೀಂಧ್ರದ ಮುಲಾಮನ್ನು ಮಚ್ಚೆಯ ಮೇಲಷ್ಟೇ ಅಲ್ಲ, ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಮಚ್ಚೆ ಮಾಯವಾದ ದಿನವೇ ನಿಲ್ಲಿಸಬಾರದು. ಕಣ್ಣಿಗೆ ಕಾಣದ ಶಿಲೀಂಧ್ರ ಚರ್ಮದಲ್ಲಿ ಇನ್ನೂ ಇರುತ್ತದೆ. ವಾಸಿಯಾದಂತೆ ಕಂಡ ಮೇಲೂ ಕನಿಷ್ಠ ಎರಡು ವಾರ ಮುಂದುವರಿಸಲು ಭಾರತದ ತಜ್ಞರು ಹೇಳುತ್ತಾರೆ. ಎಷ್ಟು ದಿನ ಎಂಬುದನ್ನು ನಿಮ್ಮ ವೈದ್ಯರೇ ಗೊತ್ತುಮಾಡಲಿ.

ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ನಾಚಿಕೆಯಿಂದ ಒಬ್ಬರು ಮುಚ್ಚಿಟ್ಟರೂ ಅವರಿಂದ ಮತ್ತೆ ಎಲ್ಲರಿಗೂ ಬರುತ್ತದೆ. ಟವೆಲು, ಒಳಉಡುಪು ಬೇರೆ ಬೇರೆ ಇರಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಮಗುಚಿ ಬಿಸಿಲಿಗೆ ಹಾಕಿ, ಸಾಧ್ಯವಾದರೆ ಇಸ್ತ್ರಿ ಮಾಡಿ. ಒದ್ದೆ ಬಟ್ಟೆ ತೊಡಬೇಡಿ. ಮಳೆಗಾಲ ಉದ್ದವಿರುವ ಕಾಸರಗೋಡು, ವಯನಾಡು, ನೀಲಗಿರಿಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿಗಿ ಜೀನ್ಸ್‌ಗಿಂತ ಸಡಿಲವಾದ ಹತ್ತಿ ಬಟ್ಟೆ ಒಳ್ಳೆಯದು.

ಬಿಳುಪಿನ ಕ್ರೀಮು: ಎರಡು ಅಪಾಯ

ಮೊದಲನೆಯದು ಇಲ್ಲೂ ಸ್ಟೀರಾಯ್ಡ್. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಸೇರಿಸಿ ಕಪ್ಪು ಕಲೆ ತಿಳಿಯಾಗಿಸುವ ಸೂತ್ರವೊಂದನ್ನು ಪ್ರಕಟಿಸಿದರು. ಮುಖದ ಬಂಗಿಗೆ ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಬಳಸುವ ಮದ್ದು ಅದು. ನಮ್ಮಲ್ಲಿ ಅದರ ರೂಪಾಂತರಗಳನ್ನು ದಿನನಿತ್ಯದ ಬಿಳುಪಿನ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ನಿಲ್ಲಿಸಿದೊಡನೆ ಮುಖ ಕೆಂಪಾಗಿ ಉರಿಯುತ್ತದೆ, ಹಾಗಾಗಿ ಬಿಡಲೂ ಆಗುವುದಿಲ್ಲ. ಈ ಸ್ಥಿತಿಗೆ ಬಂದವರು ತಾವೇ ಥಟ್ಟನೆ ನಿಲ್ಲಿಸುವ ಬದಲು ಚರ್ಮವೈದ್ಯರ ಸಲಹೆಯಂತೆ ಬಿಡಿಸಿಕೊಳ್ಳಬೇಕು.

ಎರಡನೆಯದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಪಾದರಸ ತಡೆಯುತ್ತದೆ. ಬಿಳುಪು ಬೇಗ ಕಾಣುವುದು ಅದಕ್ಕೇ. ಆದರೆ ಅದು ಚರ್ಮದ ಮೂಲಕ ಒಳಹೋಗಿ ಕಿಡ್ನಿಗೆ ಹಾನಿ ಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಕಿಡ್ನಿ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಅದರ ಒಂದು ಅಪರೂಪದ ಬಗೆ ಇತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸಿದ್ದರು. ಇದೇ ವಿಷಯ ಕಿಡ್ನಿ ತಜ್ಞರ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿ ಪರವಾನಗಿಯಿಲ್ಲದ ಸೌಂದರ್ಯ ಸಾಮಗ್ರಿಗಳನ್ನು ವಶಪಡಿಸಿಕೊಂಡಿತು.

ಭಾರತದ 2020ರ ಸೌಂದರ್ಯ ಸಾಮಗ್ರಿ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ; ತಾನಾಗಿ ಸೇರಿಕೊಂಡದ್ದೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ಹೀಗಾಗಿ ಲೇಬಲ್ಲಿನಲ್ಲಿ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಕ್ರೀಮನ್ನು ಯಾರೇ ಕೊಟ್ಟರೂ, ಪರದೇಶದಿಂದ ಬಂದ ನೆಂಟರೇ ಕೊಟ್ಟರೂ, ಹಚ್ಚಬೇಡಿ. ಪಟ್ಟಿಯಲ್ಲಿ ‘ಮರ್ಕ್ಯುರಿ’, ‘ಮರ್ಕ್ಯುರಸ್ ಕ್ಲೋರೈಡ್’, ‘ಕ್ಯಾಲೊಮೆಲ್’ ಎಂದಿದ್ದರೆ ಅದು ಪಾದರಸವೇ. ಇಂಥ ಕ್ರೀಮು ಬಳಸುತ್ತಿರುವವರಿಗೆ ಕಾಲು, ಮುಖ ಊದಿದರೆ, ಮೂತ್ರದಲ್ಲಿ ನೊರೆ ಕಂಡರೆ ಕ್ರೀಮು ನಿಲ್ಲಿಸಿ ವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಬೇಗ ನಿಲ್ಲಿಸಿದ ಹಲವರಲ್ಲಿ ಕಿಡ್ನಿ ಚೇತರಿಸಿಕೊಂಡಿದೆ. ವೈದ್ಯರು ತಾವಾಗಿ ಕೇಳದಿದ್ದರೂ ಕ್ರೀಮಿನ ವಿಷಯ ಹೇಳಿ.

ಮದುವೆಗೆ ಮುಂಚೆ ಹುಡುಗಿ ಬೆಳ್ಳಗಾಗಬೇಕೆಂಬ ಒತ್ತಾಯ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಕಪ್ಪು ಬಣ್ಣ ಕಾಯಿಲೆಯಲ್ಲ, ಅದಕ್ಕೆ ಮದ್ದು ಬೇಕಿಲ್ಲ. ಈ ಮಾತನ್ನು ಹುಡುಗಿಗೆ ಹೇಳುವುದಕ್ಕಿಂತ ಮನೆಯ ಹಿರಿಯರು ಕೇಳಿಸಿಕೊಳ್ಳುವುದು ಹೆಚ್ಚು ಅಗತ್ಯ.

ಕೂದಲು ನೇರ ಮಾಡಿಸುವುದು

ಗುಂಗುರು ಕೂದಲನ್ನು ನೇರ ಮಾಡುವ, ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂದೂ ಕರೆಯುವ ಚಿಕಿತ್ಸೆಗಳಲ್ಲಿ ಹಿಂದೆ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು. ಅದು ಕ್ಯಾನ್ಸರ್‌ಕಾರಕವೆಂದು ಗೊತ್ತಾದ ಮೇಲೆ ಹಲವು ತಯಾರಕರು ಅದರ ಬದಲು ಗ್ಲೈಆಕ್ಸಿಲಿಕ್ ಆಮ್ಲ ಬಳಸತೊಡಗಿದರು. 2024ರ ಮಾರ್ಚಿನಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಮಹಿಳೆಯೊಬ್ಬರ ಪ್ರಕರಣವನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆಕೆ 2020ರ ಜೂನ್, 2021ರ ಏಪ್ರಿಲ್, 2022ರ ಜುಲೈ, ಹೀಗೆ ಮೂರು ಸಲ ಕೂದಲು ನೇರ ಮಾಡಿಸಿಕೊಂಡಿದ್ದರು. ಮೂರು ಸಲವೂ ಅದರ ಬೆನ್ನಿಗೇ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಚಿಕಿತ್ಸೆಯ ಹೊತ್ತಿನಲ್ಲಿ ತಲೆ ಉರಿದು ಹುಣ್ಣೂ ಆಗಿತ್ತು. ಅದೇ ಕ್ರೀಮನ್ನು ಇಲಿಗಳಿಗೆ ಹಚ್ಚಿ ನೋಡಿದಾಗ ಅವುಗಳ ಕಿಡ್ನಿಯಲ್ಲಿ ಆಕ್ಸಲೇಟ್ ಹರಳುಗಳು ಕಂಡವು. ಆಮ್ಲವು ನೆತ್ತಿಯ ಮೂಲಕ ಒಳಹೋಗಿ ಹರಳಾಗುತ್ತದೆ ಎಂದು ವೈದ್ಯರು ತರ್ಕಿಸಿದರು.

ಇದರಿಂದ ತಿಳಿಯಬೇಕಾದ್ದು: ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಬರಹ ಸುರಕ್ಷತೆಯ ಗ್ಯಾರಂಟಿಯಲ್ಲ. ಪಾರ್ಲರಿನಲ್ಲಿ ಡಬ್ಬಿ ತೋರಿಸಲು ಕೇಳಿ, ಪಟ್ಟಿ ಓದಿ. ತಲೆಯಲ್ಲಿ ಗಾಯ, ಕಜ್ಜಿ ಇದ್ದಾಗ, ಗರ್ಭಿಣಿಯಾಗಿದ್ದಾಗ, ಕಿಡ್ನಿ ತೊಂದರೆ ಇದ್ದಾಗ ಮಾಡಿಸಬೇಡಿ. ಉರಿ ಶುರುವಾದರೆ ಸಹಿಸಿಕೊಂಡು ಕೂರದೆ ಕೂಡಲೇ ತೊಳೆಸಿ. ಆಮೇಲೆ ವಾಂತಿ, ಸೊಂಟನೋವು, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

– ಎರಡು ವಾರದ ಚಿಕಿತ್ಸೆಗೂ ಕಡಿಮೆಯಾಗದ, ಅಥವಾ ನಿಲ್ಲಿಸಿದೊಡನೆ ಮರಳುವ ತುರಿಕೆ.
– ಮಕ್ಕಳ ತಲೆಯಲ್ಲಿ ಕೂದಲು ಉದುರಿ ಹೊಟ್ಟು ಏಳುವ ಜಾಗ. ಇದು ತಲೆಯ ಹುಳುಕಡ್ಡಿ ಇರಬಹುದು. ಮುಲಾಮು ಸಾಲದು, ಒಳಗೆ ಮದ್ದು ಬೇಕು.
– ರಾತ್ರಿ ಹೆಚ್ಚಾಗುವ, ಬೆರಳ ಸಂದುಗಳಲ್ಲಿ ಗುಳ್ಳೆಯೇಳುವ, ಮನೆಮಂದಿಗೆಲ್ಲ ಇರುವ ತುರಿಕೆ. ಇದು ಕಜ್ಜಿ, ಇದರ ಮದ್ದೇ ಬೇರೆ.
– ತುರಿಕೆಯಿಲ್ಲದ, ಮುಟ್ಟಿದರೆ ಗೊತ್ತಾಗದ, ತಿಳಿಬಣ್ಣದ ಅಥವಾ ಕೆಂಪು ಮಚ್ಚೆ. ಕುಷ್ಠರೋಗದ ಮೊದಲ ಗುರುತು ಹೀಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಚಿಕಿತ್ಸೆ ಉಚಿತ, ಪೂರ್ತಿ ವಾಸಿಯಾಗುತ್ತದೆ. ಕ್ರೀಮು ಹಚ್ಚಿ ಕಾಲ ಕಳೆದರೆ ನರಗಳಿಗೆ ಆದ ಹಾನಿ ಸರಿಯಾಗದೆ ಉಳಿಯಬಹುದು.

ವೈದ್ಯರ ಬಳಿ ಹೋಗುವಾಗ

ಜಿಲ್ಲಾ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗಗಳಿವೆ. ದೂರದ ಹಳ್ಳಿಯವರು ಕೇಂದ್ರ ಸರ್ಕಾರದ ಉಚಿತ ದೂರವೈದ್ಯ ಸೇವೆ ‘ಇ–ಸಂಜೀವನಿ’ಯ ಮೂಲಕವೂ ಮೊದಲ ಸಲಹೆ ಪಡೆಯಬಹುದು. ಎಲ್ಲಿಗೇ ಹೋದರೂ ಈವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಳೆಯ ಚೀಟಿಗಳ ಚಿತ್ರ ಮೊಬೈಲಿನಲ್ಲಿರಲಿ. ‘ಬಿಳಿ ಟ್ಯೂಬು, ಕೆಂಪು ಮುಚ್ಚಳ’ ಎಂದರೆ ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ. ಹೋಗುವ ದಿನ ಮಚ್ಚೆಯ ಮೇಲೆ ಏನನ್ನೂ ಹಚ್ಚಬೇಡಿ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು.

ಸದಸ್ಯರು ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು, ಅಲ್ಲಿರುವ ಪ್ರತಿಯೊಂದು ಟ್ಯೂಬಿನ ಸಣ್ಣ ಅಕ್ಷರ ಓದಿ ನೋಡಬೇಕೆಂದು ಕೋರಿಕೆ. ಓದಲು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಓದಿ ಹೇಳಲಿ. ಈ ಬರಹ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚರ್ಮವನ್ನು ಕಣ್ಣಾರೆ ನೋಡಿದ ವೈದ್ಯರ ಮಾತೇ ಅಂತಿಮ.